ವಿಚಾರಾಧೀನ

ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿರುವ ಹವಾಲ್ದಾರರೊಬ್ಬರು ನಮಗೆ ಪರಿಚಿತರು. ಮುಧೋಳದ ಕಡೆಯವರು. ಸೈನ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು, ನಿವೃತ್ತರಾಗಿ, ಮಗನ ಉದ್ಯೋಗದ ದೆಸೆಯಿಂದ ಈ ಕಡೆಯ ಉಪನಗರವೊಂದಕ್ಕೆ ಬಂದು ನೆಲೆಸಿದವರು. ಸರ್ಕಾರ ಕೊಟ್ಟ ಬಂದೂಕನ್ನು ಅಷ್ಟು ವರ್ಷ ಗಡಿಯಲ್ಲಿ ಹೊತ್ತ ಈ ಮನುಷ್ಯ, ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕೊಂದನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಡಿ ಅರ್ಜಿ ಸಲ್ಲಿಸಿ ಈ ತಿಂಗಳಿಗೆ ಹತ್ತೊಂಬತ್ತು ತಿಂಗಳಾಯಿತು. ಬೇಟೆಯ ಶೋಕಿ ಅವರಿಗಿಲ್ಲ. ನಗದು ಸಾಗಿಸುವ ವಾಹನಕ್ಕೆ ಗನ್‌ಮ್ಯಾನ್ ಬೇಕೆಂದು ಒಂದು ಏಜೆನ್ಸಿಯವರು ಕೇಳಿದ್ದರು. ಸ್ವಂತ ಬಂದೂಕು, ಸ್ವಂತ ಪರವಾನಗಿ ಇರಬೇಕೆಂಬುದು ಷರತ್ತು. ಲಾಠಿ ಹಿಡಿದ ಕಾವಲುಗಾರನ ಸಂಬಳಕ್ಕೂ ಗನ್‌ಮ್ಯಾನಿನ ಸಂಬಳಕ್ಕೂ ಇರುವ ಅಂತರ ಮೊಮ್ಮಗಳ ಶಾಲೆಯ ಫೀಸಿಗೆ ಸರಿಹೋಗುತ್ತದೆಂದು ಅವರ ಲೆಕ್ಕ. ಏಜೆನ್ಸಿಯವರು ಮೂರು ತಿಂಗಳು ಕಾದರು. ಆಮೇಲೆ ಆ ಕೆಲಸ ಇನ್ನೊಬ್ಬರಿಗೆ ಹೋಯಿತು.

ಹತ್ತೊಂಬತ್ತು ತಿಂಗಳಲ್ಲಿ ಅವರಿಗೆ ದೊರೆತ ಉತ್ತರ ಒಂದೇ ಪದದ್ದು: ‘ವಿಚಾರಾಧೀನ’. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಈ ಪದದ ಅರ್ಥ ಒಂದೇ. ಭಾಷೆ ಬಾರದೆ ತಪ್ಪು ತಿಳಿದೆವೇನೋ ಎಂಬ ಸಂಶಯಕ್ಕೂ ಅದು ಅವಕಾಶ ಕೊಡುವುದಿಲ್ಲ.

ಕಥೆ, ಕವಿತೆ, ಪುಸ್ತಕ ವಿಮರ್ಶೆಗಳ ನಡುವೆ ಬಂದೂಕಿನ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ನಾವು ಬಂದೂಕಿನ ಪಕ್ಷಪಾತಿಗಳಲ್ಲ. ಮನೆಮನೆಯಲ್ಲಿ ಪಿಸ್ತೂಲು ಇರಬೇಕೆಂದು ವಾದಿಸುವವರ ಸಂಗವೂ ನಮಗೆ ಬೇಡ. ಪರವಾನಗಿಯನ್ನು ಬಿಗಿಯಾದ ಪರೀಕ್ಷೆಯ ನಂತರವೇ ಕೊಡಬೇಕು, ಅನರ್ಹರಿಗೆ ಮುಲಾಜಿಲ್ಲದೆ ನಿರಾಕರಿಸಬೇಕು ಎಂಬುದರಲ್ಲಿ ನಮಗೆ ಎರಡನೆಯ ಮಾತಿಲ್ಲ. ನಮ್ಮ ತಕರಾರು ಬೇರೆ. ಕೊಡುವುದೂ ಅಲ್ಲದ, ನಿರಾಕರಿಸುವುದೂ ಅಲ್ಲದ ಈ ಮೂರನೆಯ ಸ್ಥಿತಿಯನ್ನು ಯಾವ ಕಾನೂನೂ ಸೃಷ್ಟಿಸಿಲ್ಲ. ಅದನ್ನು ಸೃಷ್ಟಿಸಿರುವುದು ಕಚೇರಿಗಳು. ಅದು ನಿಷ್ಠುರತೆಯ ವೇಷ ತೊಟ್ಟ ಸೋಮಾರಿತನ. ಅದರ ಹೊಡೆತ ಬೀಳುವುದು ಬಡವನ ಮೇಲೆ ಮಾತ್ರ.

(ನಾವು ಕೇಂದ್ರ ಸರ್ಕಾರದ ನೌಕರರು. ಸರ್ಕಾರದ ನೀತಿಯನ್ನು ಟೀಕಿಸಬಾರದೆಂಬ ನಡತೆಯ ನಿಯಮ ನಮಗುಂಟು. ಆದುದರಿಂದ ಮೊದಲೇ ಹೇಳಿಬಿಡುತ್ತೇವೆ: ನೀತಿ ಚೆನ್ನಾಗಿಯೇ ಇದೆ. ಅದನ್ನು ಪಾಲಿಸಿ ಎಂದಷ್ಟೇ ಕೇಳುತ್ತಿದ್ದೇವೆ.)

ನೀತಿ ಏನು ಹೇಳುತ್ತದೆ ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಪಿಸ್ತೂಲು, ರಿವಾಲ್ವರುಗಳ ವಿಷಯದಲ್ಲಿ ಬಿಗಿ. ಅರ್ಜಿದಾರನಿಗೆ ಅದು ಬೇಕೆನ್ನಲು ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆದರೆ ಒಳಮೈ ನುಣುಪಾದ, ನಳಿಗೆಯ ಉದ್ದ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ಬಂದೂಕನ್ನು ನಾಗರಿಕನೊಬ್ಬ ರಕ್ಷಣೆಗಾಗಿ ಕೇಳಿದರೆ, ನಿರಾಕರಣೆಗೆ 14ನೇ ಕಲಮಿನ ಕಾರಣಗಳಿಲ್ಲದಿದ್ದಲ್ಲಿ, ಪರವಾನಗಿ ಕೊಡತಕ್ಕದ್ದು ಎನ್ನುತ್ತದೆ ಅದೇ ಕಲಮು. ‘ಕೊಡಬಹುದು’ ಎನ್ನುವುದಿಲ್ಲ. ನಮ್ಮ ಹವಾಲ್ದಾರರು ಕೇಳಿದ್ದು ಇಂಥ ಬಂದೂಕನ್ನೇ. 14ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಅದನ್ನು ಮೊದಲ ಸಲ ಓದಿದಾಗ ಬರೆದವರ ಬಗ್ಗೆ ನಮಗೆ ಗೌರವ ಹುಟ್ಟಿತು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಕಾರಣ ಮಾತ್ರದಿಂದ ಪರವಾನಗಿ ನಿರಾಕರಿಸಕೂಡದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. 18ನೇ ಕಲಮಿನ ಪ್ರಕಾರ ಅದರ ಮೇಲೆ ಮೇಲ್ಮನವಿಯ ಹಕ್ಕುಂಟು.

ಕಾಲಮಿತಿಯೂ ಉಂಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪೊಲೀಸ್ ಠಾಣೆಯ ವರದಿಗೆ 30 ದಿನ. ವರದಿ ಬಂದ ಮೇಲೆ ಪರವಾನಗಿ ಅಧಿಕಾರಿಯ ತೀರ್ಮಾನಕ್ಕೆ 60 ದಿನ. ಠಾಣೆಯವರು ಅವಧಿಯೊಳಗೆ ವರದಿ ಕಳಿಸದಿದ್ದರೆ ಅದಕ್ಕಾಗಿ ಇನ್ನು ಕಾಯದೆ ಆದೇಶ ಮಾಡಬಹುದೆಂದು ಕಾಯ್ದೆಯೇ ಅಧಿಕಾರಿಗೆ ಅನುಮತಿ ಕೊಟ್ಟಿದೆ. ಎಲ್ಲ ಸೇರಿ ಮೂರು ತಿಂಗಳ ಮಾತು. ಏಜೆನ್ಸಿಯವರು ಕಾದದ್ದೂ ಸರಿಯಾಗಿ ಮೂರು ತಿಂಗಳು. ಅವರಿಗೆ ಕಾಯ್ದೆ ಗೊತ್ತಿತ್ತೋ ಇಲ್ಲವೋ ತಿಳಿಯದು.

ಆದದ್ದೇನು? ಠಾಣೆಯವರು ಹವಾಲ್ದಾರರನ್ನು ನಾಲ್ಕು ಸಲ ಕರೆಸಿದರು. ವರದಿ ಹೊರಬೀಳಲು ಐದು ತಿಂಗಳು ಹಿಡಿಯಿತು. ಅಲ್ಲಿಂದ ಕಡತ ಯಾವ ಮೇಜಿನ ಮೇಲೆ ಮಲಗಿತೋ, ಏಳಲಿಲ್ಲ. ನಾವು ಅವರ ಪರವಾಗಿ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟೆವು. ಅದಕ್ಕೆ ಉತ್ತರ 30 ದಿನದೊಳಗೆ, ಬಲು ಶಿಸ್ತಾಗಿ ಬಂದಿತು. ‘ವಿಚಾರಾಧೀನ’ ಎಂದೇ ಬಂದಿತು.

ಇಲ್ಲಿಯೇ ಪೇಚಿರುವುದು. ಮೇಲ್ಮನವಿ ಸಲ್ಲಿಸಬೇಕಾದರೆ ಒಂದು ಆದೇಶ ಬೇಕು. ಆದೇಶವೇ ಇಲ್ಲದವನು ಯಾವುದರ ಮೇಲೆ ಮನವಿ ಸಲ್ಲಿಸಬೇಕು? ಹೈಕೋರ್ಟಿಗೆ ರಿಟ್ ಹಾಕಬಹುದು, ನಿಜ; ವಕೀಲರ ಮೊದಲ ಫೀಸಿಗೇ ಕಾವಲುಗಾರನ ಕೆಲವು ತಿಂಗಳ ಸಂಬಳ ಹೋಗುತ್ತದೆ. ನಿರಾಕರಿಸಲ್ಪಟ್ಟವನಿಗಿಂತ ಉತ್ತರವಿಲ್ಲದವನ ಪಾಡು ಕೀಳು. ಆಸ್ತಿಯಿಲ್ಲವೆಂಬ ಕಾರಣಕ್ಕೆ ‘ಇಲ್ಲ’ ಎನ್ನಬಾರದೆಂದು ಕಾಯ್ದೆ ತಡೆದದ್ದನ್ನು, ಏನನ್ನೂ ಹೇಳದಿರುವ ಮೂಲಕ ಕಚೇರಿ ಸಾಧಿಸಿಕೊಂಡಿತು. ಹೇಳಿಸಬಲ್ಲವನು ಹೇಳಿಸಿಕೊಳ್ಳುತ್ತಾನೆ. ಬೀಡ್‌ನಂಥ ಜಿಲ್ಲೆಯಲ್ಲಿ ಸಾವಿರಕ್ಕೂ ಮಿಕ್ಕಿ ಪರವಾನಗಿಗಳಿರುವ ಸಂಗತಿ, 2024ರ ಡಿಸೆಂಬರಿನಲ್ಲಿ ಅಲ್ಲಿನ ಸರಪಂಚರೊಬ್ಬರ ಕೊಲೆಯಾದ ಮೇಲೆ ಹೊರಬಿದ್ದು, ರದ್ದತಿಯ ನೋಟಿಸುಗಳು ಹೊರಟವು. ಆ ಸಾವಿರ ಅರ್ಜಿಗಳು ಯಾವ ಮೇಜಿನ ಮೇಲೂ ಹತ್ತೊಂಬತ್ತು ತಿಂಗಳು ಮಲಗಿರಲಿಕ್ಕಿಲ್ಲ ಎಂಬುದು ನಮ್ಮ ಗುಮಾನಿ.

ಪೊಲೀಸರಿಗೆ ಕೆಲಸದ ಹೊರೆ, ಪರಿಶೀಲನೆಗೆ ಪುರುಸೊತ್ತಿಲ್ಲ ಎಂಬ ಸಮಾಧಾನವನ್ನು ನಾವು ಬಹಳ ಕೇಳಿದ್ದೇವೆ. ಹವಾಲ್ದಾರರು ಕುಳಿತುಕೊಳ್ಳುವ ಗೇಟಿನಿಂದ ರೋಡ್ ನಂಬರ್ 22ರ ಕಡೆಗೆ ನಡೆದರೆ ಪಾಸ್‌ಪೋರ್ಟ್ ಸೇವಾ ಕೇಂದ್ರ ಸಿಗುತ್ತದೆ. ನಮ್ಮಲ್ಲಿ ಅನೇಕರು ಅಲ್ಲಿ ಸಾಲಿನಲ್ಲಿ ನಿಂತವರೇ. ಈ ಕೇಂದ್ರಗಳ ಮೊದಲ ಪ್ರಯೋಗ ನಡೆದದ್ದು 2010ರಲ್ಲಿ ಕರ್ನಾಟಕದಲ್ಲಿ. ಅದಕ್ಕೆ ಮೊದಲು ಪಾಸ್‌ಪೋರ್ಟಿಗಾಗಿ ತಿಂಗಳುಗಟ್ಟಲೆ ಅಲೆದ ನೆನಪು ನಮ್ಮ ವಯಸ್ಸಿನವರಿಗೆಲ್ಲ ಇದೆ. ಈಗ ಅರ್ಜಿಯ ಚಲನವಲನ ಫೋನಿನಲ್ಲಿ ಕಾಣುತ್ತದೆ. ಪೊಲೀಸ್ ವರದಿ 21 ದಿನದೊಳಗೆ ಬಂದರೆ ವಿದೇಶಾಂಗ ಇಲಾಖೆ ರಾಜ್ಯಕ್ಕೆ ಅರ್ಜಿಯೊಂದಕ್ಕೆ 150 ರೂಪಾಯಿ ಕೊಡುತ್ತದೆ, ತಡವಾದರೆ 50 ರೂಪಾಯಿ. ನೂರು ರೂಪಾಯಿಯ ವ್ಯತ್ಯಾಸದಿಂದ ಏನಾಗುತ್ತದೆ ಎಂದು ಕೇಳುವವರು ಸರ್ಕಾರಿ ಕಚೇರಿಯಲ್ಲಿ ದುಡಿದವರಲ್ಲ. ಮುಖ್ಯವಾದದ್ದು ಹಣವಲ್ಲ, ತಡವಾದದ್ದು ಲೆಕ್ಕಕ್ಕೆ ಸಿಗುತ್ತದೆ ಎಂಬುದು. ಅದೇ ಠಾಣೆ (ಥಾಣೆಯಲ್ಲಿ ವಾಸಿಸುವ ನಮಗೆ ಠಾಣೆ ಎಂಬ ಪದ ಬರೆಯುವಾಗ ಪ್ರತಿ ಸಲವೂ ಕೈ ತಡವರಿಸುತ್ತದೆ), ಅದೇ ಕಾನ್‌ಸ್ಟೇಬಲ್, ಅದೇ ಮನುಷ್ಯನ ಪೂರ್ವಾಪರ. ಒಂದು ಕಾಗದಕ್ಕೆ ಮೂರು ವಾರ, ಇನ್ನೊಂದಕ್ಕೆ ಐದು ತಿಂಗಳು. ಬಂದೂಕಿನ ಅರ್ಜಿಗೆ ಹೆಚ್ಚಿನ ವಿಚಾರಣೆ ಬೇಕು, ಒಪ್ಪಿದೆವು. ಅದಕ್ಕೆಂದೇ ಅದಕ್ಕೆ 21ರ ಬದಲು 30 ದಿನ, ಮೇಲೆ ಮತ್ತೆ 60 ದಿನ ಕೊಟ್ಟಿರುವುದು.

ಒಂದು ತಪ್ಪೊಪ್ಪಿಗೆ. ಕಡತವನ್ನು ಕೊಲ್ಲದೆ ಸಾಯಿಸುವ ವಿದ್ಯೆ ನಮಗೂ ಗೊತ್ತು. ‘ಚರ್ಚಿಸಿ’ ಎಂದು ಅಂಚಿನಲ್ಲಿ ಬರೆದು ಕೆಳಗೆ ಕಳಿಸಿದರೆ ಹದಿನೈದು ದಿನ. ‘ಹಿಂದಿನ ಪತ್ರಗಳೊಂದಿಗೆ ಮಂಡಿಸಿ’ ಎಂದರೆ ಒಂದು ತಿಂಗಳು. ನಾವೂ ಹಾಗೆ ಬರೆದಿದ್ದೇವೆ. ಬರೆದಾಗಲೆಲ್ಲ ಕಾರಣ ಒಂದೇ ಆಗಿತ್ತು: ತೀರ್ಮಾನ ಮಾಡಿದರೆ ಅದರ ಕೆಳಗೆ ನಮ್ಮ ಸಹಿ ಇರುತ್ತದೆ, ಮಾಡದಿದ್ದರೆ ಯಾರ ಸಹಿಯೂ ಇರುವುದಿಲ್ಲ. ನಾಳೆ ಆ ಬಂದೂಕಿನಿಂದ ಯಾರೋ ಸತ್ತರೆ ಪರವಾನಗಿಗೆ ಸಹಿ ಹಾಕಿದವನನ್ನು ಕೇಳುತ್ತಾರೆ. ಸಹಿ ಹಾಕದೆ ಕುಳಿತವನಿಂದ ಒಬ್ಬ ಮುದುಕನ ಕೆಲಸ ಹೋದರೆ ಯಾರೂ ಕೇಳುವುದಿಲ್ಲ. ಎಂ.ಎ. ತರಗತಿಯಲ್ಲಿ ಡಿಕನ್ಸನ ‘ಲಿಟಲ್ ಡೊರಿಟ್’ ಓದುವಾಗ, ಯಾವ ಕೆಲಸವನ್ನೂ ಮಾಡದಿರುವುದನ್ನೇ ಕಲೆಯಾಗಿಸಿಕೊಂಡ ಅವನ ಸುತ್ತುಬಳಸಿನ ಕಚೇರಿಯನ್ನು ಕಂಡು ನಾವು ನಕ್ಕಿದ್ದೆವು. ನೌಕರಿಗೆ ಸೇರಿದ ಮೇಲೆ ಆ ಅಧ್ಯಾಯಕ್ಕೆ ಮರಳುವ ಧೈರ್ಯವಾಗಿಲ್ಲ.

ತಡವಾಗುವುದೇ ಒಳ್ಳೆಯದಲ್ಲವೇ, ಬಂದೂಕುಗಳು ಅಷ್ಟು ಕಡಿಮೆ ಎನ್ನುವ ಸಜ್ಜನರಿದ್ದಾರೆ. ಅವರಿಗೆ ನಮ್ಮ ಸುತ್ತಲಿನ ಎರಡು ಘಟನೆಗಳನ್ನು ನೆನಪಿಸುತ್ತೇವೆ. 2024ರ ಫೆಬ್ರವರಿ 2ರಂದು ಉಲ್ಲಾಸನಗರದ ಹಿಲ್‌ಲೈನ್ ಠಾಣೆಯೊಳಗೆ, ಪೊಲೀಸ್ ಅಧಿಕಾರಿಯ ಕೋಣೆಯಲ್ಲೇ, ಕಲ್ಯಾಣ ಪೂರ್ವದ ಅಂದಿನ ಶಾಸಕರು ಎದುರಾಳಿ ನಾಯಕರ ಮೇಲೆ ಗುಂಡು ಹಾರಿಸಿದ ಆರೋಪದ ಮೇಲೆ ಬಂಧಿತರಾದರು. ಆರು ದಿನಗಳ ನಂತರ ದಹಿಸರದಲ್ಲಿ ಮಾಜಿ ನಗರಸೇವಕರೊಬ್ಬರನ್ನು ಫೇಸ್‌ಬುಕ್ ಲೈವ್ ನಡೆಯುತ್ತಿದ್ದಾಗಲೇ ಕೊಲ್ಲಲಾಯಿತು. ಎರಡರಲ್ಲಿಯೂ ಬಳಕೆಯಾದದ್ದು ಪರವಾನಗಿಯುಳ್ಳ ಆಯುಧವೆಂದು ಪತ್ರಿಕೆಗಳು ವರದಿ ಮಾಡಿದವು. ದಹಿಸರದ್ದು ಅಂಗರಕ್ಷಕನ ಹೆಸರಿನಲ್ಲಿದ್ದದ್ದು. ವಿಳಂಬವೆಂಬ ಜರಡಿಯ ಕಣ್ಣುಗಳು ವಿಚಿತ್ರವಾಗಿವೆ: ದೊಡ್ಡದು ಜಾರಿ ಹೋಗುತ್ತದೆ, ಸಣ್ಣದು ಸಿಕ್ಕಿಕೊಳ್ಳುತ್ತದೆ. ಅರ್ಜಿದಾರನ ಸಿಟ್ಟು, ಸಾಲ, ವೈರ, ಮನಸ್ಸಿನ ಆರೋಗ್ಯ ಇವನ್ನು ತಿಳಿಯಬೇಕಾದರೆ ಯಾರಾದರೂ ಕಡತ ತೆರೆದು ಓದಬೇಕು. ಮುಚ್ಚಿಟ್ಟ ಕಡತ ಯಾರನ್ನೂ ಪರೀಕ್ಷಿಸುವುದಿಲ್ಲ.

ಹವಾಲ್ದಾರರ ಊರಿನಿಂದ ಹಲಗಲಿ ಬಹಳ ದೂರವಿಲ್ಲ. ಶಾಲೆಯ ಪಠ್ಯದಲ್ಲಿ ಆ ಲಾವಣಿಯನ್ನು ಓದದ ಕನ್ನಡಿಗರು ನಮ್ಮ ತಲೆಮಾರಿನಲ್ಲಿ ಕಡಿಮೆ. 1857ರಲ್ಲಿ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಂಪನಿ ಸರ್ಕಾರ ಆಜ್ಞೆ ಮಾಡಿದಾಗ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ಊರು ಸುಟ್ಟಿತು, ಗಲ್ಲುಗಳಾದವು. ಆನಂತರ ಬಂದ 1878ರ ಕಾಯ್ದೆಯಲ್ಲಿ ಬಿಳಿಯರಿಗೆ ವಿನಾಯಿತಿ, ನಮಗೆ ಪರವಾನಗಿ. ಸ್ವತಂತ್ರ ಭಾರತ 1959ರಲ್ಲಿ ಆ ಕಾಯ್ದೆಯನ್ನು ತೆಗೆದುಹಾಕಿ, ಕಾನೂನು ಪಾಲಿಸುವ ಪ್ರಜೆಯನ್ನು ಶಂಕಿತನಂತೆ ಕಾಣಬಾರದೆಂಬ ಉದ್ದೇಶದಿಂದ ಹೊಸದನ್ನು ಬರೆಯಿತು. ಈ ಚರಿತ್ರೆಯನ್ನೆಲ್ಲ ನಾವು ಒಂದು ಸಂಜೆ ಚಹಾ ಕುಡಿಯುತ್ತ ಹವಾಲ್ದಾರರಿಗೆ ಹೇಳಿದೆವು. ಅವರಿಗೆ ಲಾವಣಿ ನಮಗಿಂತ ಚೆನ್ನಾಗಿ ಬರುತ್ತಿತ್ತು. ಕೇಳಿ, ಅವರೆಂದರು: “ಅವ್ರು ನಿಮ್ಮ ಕಾಗದ ನಮಗ ಬ್ಯಾಡ ಅಂದ್ರು ಸಾಹೇಬ್ರ. ನಾ ಕಾಗದ ಕೊಡ್ರೆಪಾ ಅಂತ ಕೈ ಮುಗದು ನಿಂತೀನಿ. ಇವ್ರು ಹೂಂ ಅನ್ನವಲ್ರು, ಊಹೂಂ ಅನ್ನವಲ್ರು.”

ಸರ್ಕಾರಕ್ಕೆ ನಂಬಲು ಬರುವುದಿಲ್ಲ ಎಂದೂ ಅಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದಲೇ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೈಲ್‌ಪೊಳ್ದಿನ ದಿನ ಪೂಜೆಗೊಳ್ಳುವ ಆ ಕೋವಿಗಳ ಬಗ್ಗೆ ನಮಗೆ ಆಕ್ಷೇಪವಿಲ್ಲ. ಅದೇ ಸೈನ್ಯದಲ್ಲಿ ದುಡಿದ ಮುಧೋಳದವನಿಗೆ ವಿನಾಯಿತಿ ಬೇಕಾಗಿಲ್ಲ, ಉತ್ತರ ಸಾಕು.

ಬಂದೂಕು ಹೊಂದುವುದನ್ನು ಸಂವಿಧಾನದ ಹಕ್ಕೆಂದು ಕಾಣುವ ಅಮೆರಿಕದಲ್ಲೂ ಈ ರೋಗ ಇದೆ. ಪಿಸ್ತೂಲನ್ನು ಬಟ್ಟೆಯ ಮರೆಯಲ್ಲಿ ಒಯ್ಯುವ ಪರವಾನಗಿಯ ಬಗ್ಗೆ ನ್ಯೂಯಾರ್ಕಿನಿಂದ ಬಂದ ಬ್ರೂಯೆನ್ ಮೊಕದ್ದಮೆಯಲ್ಲಿ, 2022ರ ಜೂನಿನಲ್ಲಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದು ಅಡಿಟಿಪ್ಪಣಿ ಬರೆಯಿತು: ಅರ್ಜಿಯನ್ನು ವಿಪರೀತ ಕಾಲ ಕಾಯಿಸಿ ಹಕ್ಕನ್ನೇ ಇಲ್ಲವಾಗಿಸಿದರೆ ಅದನ್ನೂ ಪ್ರಶ್ನಿಸಬಹುದು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೇಂದ್ರ ನ್ಯಾಯ ಇಲಾಖೆ ಲಾಸ್ ಏಂಜಲೀಸ್ ಕೌಂಟಿಯ ಶೆರಿಫರ ಮೇಲೆಯೇ ದಾವೆ ಹೂಡಿತು. ಹದಿನೈದು ತಿಂಗಳಲ್ಲಿ ಬಂದ 3,982 ಹೊಸ ಅರ್ಜಿಗಳಲ್ಲಿ ಮಂಜೂರಾದದ್ದು ಎರಡೇ ಎಂಬುದು ಆರೋಪ. ನಮ್ಮಲ್ಲಿ ಬಂದೂಕು ಮೂಲಭೂತ ಹಕ್ಕಲ್ಲ. ಅಮೆರಿಕದ ಸಂವಿಧಾನಕ್ಕೂ ನಮ್ಮದಕ್ಕೂ ಇರುವ ಈ ಭೇದವನ್ನು 2023ರಲ್ಲಿ ನಮ್ಮ ಸುಪ್ರೀಂ ಕೋರ್ಟು ಎತ್ತಿ ಹೇಳಿತು. ಹಾಗಿರುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ಕಾನೂನು ಹೇಳಿದ ದಿನದೊಳಗೆ ಕಾನೂನು ಹೇಳಿದ ಉತ್ತರ ಪಡೆಯುವುದಕ್ಕೆ ಬಂದೂಕಿನ ಹಕ್ಕೇನೂ ಬೇಕಾಗಿಲ್ಲ, ನಾಗರಿಕನಾಗಿದ್ದರೆ ಆಯಿತು.

ಹಾಗಾದರೆ ಏನು ಮಾಡಬೇಕು? ಕರ್ನಾಟಕದ ಸಕಾಲ ಕಾಯ್ದೆ ತಡಮಾಡಿದ ನೌಕರನಿಂದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೊಡಿಸುತ್ತದೆ. ಬಂದೂಕಿನ ವಿಷಯದಲ್ಲಿ ದಂಡದ ಭಯದಿಂದ ಅವಸರದ ಸಹಿ ಬೀಳುವುದು ಅಪಾಯ. ಅವಧಿ ಮೀರಿದರೆ ಪರವಾನಗಿ ಸಿಕ್ಕಂತೆಯೇ ಎಂದು ಬಗೆಯಬೇಕೆನ್ನುವವರನ್ನೂ ನಾವು ಒಪ್ಪುವುದಿಲ್ಲ. ನಾವು ಕೇಳುವುದು ಅದಕ್ಕೆ ತದ್ವಿರುದ್ಧವಾದದ್ದನ್ನು. 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಕಲಮಿನಲ್ಲಿ, ಅವಧಿಯೊಳಗೆ ತೀರ್ಮಾನವಾಗದಿದ್ದರೆ ಅರ್ಜಿಯನ್ನು ನಿರಾಕರಿಸಿದಂತೆ ಭಾವಿಸಬೇಕೆಂದಿದೆ. ಅದೇ ಸಾಲನ್ನು ಶಸ್ತ್ರಾಸ್ತ್ರ ನಿಯಮಗಳಿಗೂ ಸೇರಿಸಲಿ. ಠಾಣೆಯ 30 ದಿನ, ಅಧಿಕಾರಿಯ 60 ದಿನ ಮುಗಿದ ಮರುದಿನ ಅರ್ಜಿ ನಿರಾಕೃತ. ಒಂದು ಬಂದೂಕೂ ಹೆಚ್ಚಾಗುವುದಿಲ್ಲ. ಆದರೆ ಅರ್ಜಿದಾರನಿಗೆ ಅಂದೇ ಮೇಲ್ಮನವಿಯ ಬಾಗಿಲು ತೆರೆಯುತ್ತದೆ, ಕಾರಣ ಬರೆಯದೆ ಕುಳಿತವರು ಮೇಲಿನವರ ಮುಂದೆ ಕಾರಣ ಹೇಳಬೇಕಾಗುತ್ತದೆ. ಹೇಗೂ ತೀರ್ಮಾನದ ಹೊಣೆಗೆ ಅಂಜುವ ನಮ್ಮಂಥವರಿಗೆ ಮೌನದ ಹೊಣೆಯೂ ಇರಲಿ.

ಕಳೆದ ವಾರ ಹವಾಲ್ದಾರರು ಮತ್ತೊಂದು ಪತ್ರ ಬರೆದುಕೊಡಿ ಎಂದು ಬಂದಿದ್ದರು. ಅವರಿಗೆ ಮರಾಠಿ ಮಾತು ಬರುತ್ತದೆ, ಬರಹ ಬಾರದು. ನಾವು ಕಲಮುಗಳನ್ನೂ ನಿಯಮಗಳನ್ನೂ ಉದಾಹರಿಸಿ ಎರಡು ಪುಟ ಸಿದ್ಧಪಡಿಸಿದ್ದೆವು. ಅವರು ಅದನ್ನು ಓದಿಸಿ ಕೇಳಿ, ಮಡಚಿ ನಮಗೇ ಹಿಂದಿರುಗಿಸಿದರು. “ಇಷ್ಟೆಲ್ಲಾ ಯಾರು ಓದ್ತಾರ್ರಿ? ಕೊಡೂದಿಲ್ಲ ಅಂದ್ರ ಕೊಡೂದಿಲ್ಲ ಅಂತನರ ಬರದು ಕೊಡ್ರಿ ಅಂತ, ಅಷ್ಟ ಬರೀರಿ” ಎಂದರು. ಅಷ್ಟನ್ನೇ ಬರೆದೆವು. ಮರುದಿನ ಅವರು ಅದನ್ನು ಕಚೇರಿಗೆ ಮುಟ್ಟಿಸಿ, ಆವಕದ ಮೊಹರು ಬಿದ್ದ ಪ್ರತಿಯನ್ನು ತಂದು ತೋರಿಸಿದರು. ಮೊಹರಿನಲ್ಲಿ ತಾರೀಖು ಸ್ಪಷ್ಟವಾಗಿ ಮೂಡಿತ್ತು.