ನಿದ್ದೆಗೆಟ್ಟ ಡಾಕ್ಟರ ಕೈಯಲ್ಲಿ ನಮ್ಮ ನಾಡಿ

ರಾತ್ರಿ ಎರಡು ಗಂಟೆಗೆ ಎದೆನೋವು ಅಂತ ಮನೆಯವರನ್ನು ಆಟೋದಲ್ಲಿ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದರೆ ಮೊದಲು ಎದುರಿಗೆ ಬರುವವರು ಯಾರು? ಬಾಗಿಲ ಮೇಲೆ ಹೆಸರಿನ ಫಲಕ ಇರುವ ದೊಡ್ಡ ಡಾಕ್ಟರಲ್ಲ. ಇಪ್ಪತ್ಮೂರು, ಇಪ್ಪತ್ನಾಲ್ಕು ವರ್ಷದ ಹೌಸ್ ಸರ್ಜನ್. ಇಲ್ಲವೇ ಎಂ.ಡಿ., ಎಂ.ಎಸ್. ಓದುತ್ತಿರುವ ಪಿ.ಜಿ. ಹುಡುಗ, ಹುಡುಗಿ. ನಾಡಿ ಹಿಡಿಯುವುದು, ಸೂಜಿ ಚುಚ್ಚುವುದು, ಚೀಟಿ ಬರೆಯುವುದು ಎಲ್ಲಾ ಅವರೇ. ಆ ಮಕ್ಕಳು ಹಿಂದಿನ ರಾತ್ರಿ ಮಲಗಿದ್ದರೋ ಇಲ್ಲವೋ, ಹೊಟ್ಟೆಗೆ ಏನಾದರೂ ತಿಂದಿದ್ದರೋ ಇಲ್ಲವೋ ಎಂದು ನಾವು ಯಾರೂ ಕೇಳುವುದಿಲ್ಲ. ಕೇಳಬೇಕು ಸ್ವಾಮಿ. ಅದು ಅವರ ಹಾಸ್ಟೆಲ್ಲಿನ ವಿಷಯ ಮಾತ್ರ ಅಲ್ಲ, ನಮ್ಮ ಪ್ರಾಣದ ವಿಷಯ.

ನಮ್ಮ ದಂಡು ಪ್ರದೇಶದವರಿಗೆ ಈ ಮಾತು ಇನ್ನೂ ಹತ್ತಿರದ್ದು. ಶಿವಾಜಿನಗರ, ಹಲಸೂರು, ಟ್ಯಾನರಿ ರಸ್ತೆಯ ಬಡವರಿಗೆ ಕಷ್ಟಕಾಲದಲ್ಲಿ ನೆನಪಾಗುವುದು ಬೌರಿಂಗ್ ಆಸ್ಪತ್ರೆ. 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜಿನ ಮಕ್ಕಳು ದಶಕಗಳ ಕಾಲ ಇಲ್ಲಿಗೆ ಬಂದು ಕೆಲಸ ಕಲಿತು ಹೋದರು. ಈಗ ಅದೇ ಆವರಣದಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಕಾಡುಗೊಂಡನಹಳ್ಳಿಗೆ ಹೋದರೆ ಅಂಬೇಡ್ಕರ್ ಮೆಡಿಕಲ್ ಕಾಲೇಜು, ಕೆ.ಆರ್. ಪುರ ದಾಟಿದರೆ ಈಸ್ಟ್ ಪಾಯಿಂಟ್, ವೈಟ್‌ಫೀಲ್ಡಿನಲ್ಲಿ ವೈದೇಹಿ. ಹೀಗೆ ನಗರದ ಈ ಪೂರ್ವ ಭಾಗದಲ್ಲೇ ಡಾಕ್ಟರಾಗಲು ಹೊರಟ ಮಕ್ಕಳು ಸಾವಿರಾರು ಮಂದಿ ಇದ್ದಾರೆ. ಕೆಳಗೆ ಬರೆದಿರುವುದು ಯಾವುದೋ ಒಂದು ಕಾಲೇಜಿನ ಮೇಲಿನ ದೂರಲ್ಲ. ದೇಶದ ಎಲ್ಲಾ ಮೆಡಿಕಲ್ ಕಾಲೇಜುಗಳ ಕಥೆಯೂ ಹೆಚ್ಚುಕಮ್ಮಿ ಇದೇ.

ಹೇಳೋದು ಆಚಾರ

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಉಪ್ಪು ಎಣ್ಣೆ ಕಮ್ಮಿ ಮಾಡಿ, ದಿನಾ ನಡೆಯಿರಿ, ಬೀಡಿ ಸಿಗರೇಟು ಬಿಡಿ, ಚೆನ್ನಾಗಿ ನಿದ್ದೆ ಮಾಡಿ. ರೋಗಿಗೆ ಡಾಕ್ಟರು ಹೇಳುವ ಮಾತು ಇದು. ಹೇಳುವವರ ಪಾಡು ನೋಡಿ. ಬೆಳಿಗ್ಗೆ ತಿಂಡಿ ಬಿಟ್ಟು ವಾರ್ಡಿಗೆ ಓಟ. ಮಧ್ಯಾಹ್ನ ನಿಂತಲ್ಲೇ ಒಂದು ಪಫ್, ಒಂದು ಟೀ. ರಾತ್ರಿ ಮೆಸ್ಸಿನ ಬಾಗಿಲು ಹಾಕಿದ ಮೇಲೆ ಪರೋಟ, ಎಗ್ ರೈಸ್, ಇಲ್ಲವೇ ಬಿಸಿನೀರು ಹುಯ್ದ ನೂಡಲ್ಸ್. ಕಣ್ಣು ಎಳೆಯದಿರಲಿ ಅಂತ ಮೇಲಿಂದ ಮೇಲೆ ಕಾಫಿ, ಕೆಲವರಿಗೆ ಸಿಗರೇಟು. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕಾನೂನು ಹೇಳುತ್ತದೆ. ಮೆಡಿಕಲ್ ಕಾಲೇಜುಗಳ ಗೇಟಿನಿಂದ ಪಾಲಿಕೆಯವರು ಒಮ್ಮೆ ಟೇಪು ಹಿಡಿದು ಅಳೆದು ನೋಡಲಿ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ನಗಬಹುದು. ಹುಡುಗರಿಗೆ ಶಿಸ್ತಿಲ್ಲ ಎಂದು ಬೈದು ಮುಗಿಸಲೂಬಹುದು. ಆದರೆ ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಬಂದವರು ಮಾರನೇ ದಿನ ಸಾಯಂಕಾಲ ಹೊರಗೆ ಬಂದರೆ ಯಾವ ಹೊತ್ತಿಗೆ ಊಟ, ಯಾವ ಹೊತ್ತಿಗೆ ವಾಕಿಂಗು? ದೊಡ್ಡ ಆಸ್ಪತ್ರೆಗಳಲ್ಲಿ ಕಿರಿಯ ಡಾಕ್ಟರುಗಳು 24 ಗಂಟೆ, 36 ಗಂಟೆ ಒಂದೇ ಸಮನೆ ದುಡಿಯುವುದು ದೇಶಕ್ಕೆಲ್ಲಾ ಗೊತ್ತಿರುವ ಗುಟ್ಟು. ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್ 9ರಂದು ಕೊಲೆಯಾದ ವೈದ್ಯೆ ದೀರ್ಘ ಡ್ಯೂಟಿಯ ನಡುವೆ ಒರಗಿಕೊಳ್ಳಲು ಹೋಗಿದ್ದು ಸೆಮಿನಾರ್ ಕೊಠಡಿಗೆ. ಅಂಥ ಘೋರ ನಡೆದ ಮೇಲೆ ತಾನೇ ಡಾಕ್ಟರು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆ ಜನಕ್ಕೆ ಹೊಳೆದದ್ದು!

ಊದಿಸಿ ನೋಡಿ

ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಶನಿವಾರ ರಾತ್ರಿ ಪೊಲೀಸರು ಗಾಡಿ ನಿಲ್ಲಿಸಿ ಊದಿಸುತ್ತಾರಲ್ಲ, ಅದರ ಲೆಕ್ಕ ಏನು ಗೊತ್ತೇ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಕೇಸು. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಒಂದು ಪರೀಕ್ಷೆ ಮಾಡಿ ತೋರಿಸಿದರು. 24 ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ, ಕಣ್ಣು, ಬುದ್ಧಿ ಸುಮಾರು 100 ಮಿಲಿಗ್ರಾಂ ಮದ್ಯ ಏರಿದವರಷ್ಟೇ ತಪ್ಪುತ್ತವೆ ಎಂದು. ಅಂದರೆ ನಮ್ಮ ಕಾನೂನಿನ ಮಿತಿಗಿಂತ ಮೂರು ಪಟ್ಟಿಗೂ ಹೆಚ್ಚು! ಅಂಥ ಸ್ಥಿತಿಯಲ್ಲಿ ಸ್ಕೂಟರ್ ಓಡಿಸಿದರೆ ದಂಡ. ರೋಗಿಯ ನರಕ್ಕೆ ಸೂಜಿ ಹಾಕಿದರೆ ಅದಕ್ಕೆ ಹೆಸರು ತರಬೇತಿ!

ಅಮೆರಿಕದವರು ಈ ಪಾಠ ಕಲಿತದ್ದು ಒಂದು ಸಾವಿನಿಂದ. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಲಿಬ್ಬಿ ಜಿಯಾನ್ ಎಂಬ 18 ವರ್ಷದ ಹುಡುಗಿ ತೀರಿಕೊಂಡಳು. ದಣಿದ ಕಿರಿಯ ಡಾಕ್ಟರುಗಳ ಕೈಗೆ ಮಗಳನ್ನು ಬಿಟ್ಟಿದ್ದರು ಎಂದು ಪತ್ರಕರ್ತನಾಗಿದ್ದ ತಂದೆ ವರ್ಷಗಟ್ಟಲೆ ಹೋರಾಡಿದ. 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2003ರಲ್ಲಿ ಅದು ಇಡೀ ದೇಶದ ತರಬೇತಿ ನಿಯಮವಾಯಿತು.

ಕಾಗದದ ಮೇಲೆ ಎಲ್ಲಾ ಇದೆ

ನಮ್ಮಲ್ಲಿ ನಿಯಮ ಇಲ್ಲವೇ? ಇದೆ, ಬೇಕಾದಷ್ಟಿದೆ. ಕಿರಿಯ ವೈದ್ಯರು ಸಾಮಾನ್ಯವಾಗಿ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯತಕ್ಕದ್ದಲ್ಲ, ವಾರಕ್ಕೊಂದು ರಜೆ ಕೊಡತಕ್ಕದ್ದು ಎಂದು ಕೇಂದ್ರ ಸರ್ಕಾರ 1992ರಲ್ಲೇ ಆದೇಶ ಮಾಡಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಪಿ.ಜಿ.ಗಳಿಗೆ ‘ನ್ಯಾಯವಾದಷ್ಟು’ ಕೆಲಸದ ಹೊತ್ತು, ‘ನ್ಯಾಯವಾದಷ್ಟು’ ವಿಶ್ರಾಂತಿ ಎಂದಿದೆ. ನ್ಯಾಯ ಅಂದರೆ ಎಷ್ಟು ಗಂಟೆ? ಅದನ್ನು ಮಾತ್ರ ಹೇಳಿಲ್ಲ.

ಆಯೋಗವೇ ನೇಮಿಸಿದ್ದ ಒಂದು ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ನಮ್ಮ ನಿಮ್ಹಾನ್ಸಿನ ಡಾ. ಸುರೇಶ್ ಬಡಾ ಮಠ್. ವಾರಕ್ಕೆ 74 ಗಂಟೆ ಮೀರಬಾರದು ಎಂದು ಅದರ ಸಲಹೆ: ಒಂದು ದಿನ 24 ಗಂಟೆ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ದಿನಕ್ಕೆ 7-8 ಗಂಟೆ ನಿದ್ದೆ ಬೇಕು ಎಂದೂ ಹೇಳಿದೆ. 1992ರಲ್ಲಿ 48 ಇದ್ದದ್ದು 32 ವರ್ಷದಲ್ಲಿ 74 ಆಯಿತು, ಅದಾದರೂ ಸಿಕ್ಕಿದರೆ ಸಾಕು ಎನ್ನುವ ಗತಿ ಬಂತು. ಇದನ್ನು ಪ್ರಗತಿ ಎನ್ನುವುದಾದರೆ ಹಿಂದಕ್ಕೆ ಹೋಗುವುದಕ್ಕೆ ಬೇರೆ ಪದ ಹುಡುಕಬೇಕು.

ಮನಸ್ಸಿನ ಗಾಯ

ಅದೇ ವರದಿಗಾಗಿ ದೇಶಾದ್ಯಂತ 25,590 ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು, 5,337 ಪಿ.ಜಿ.ಗಳು ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಎಂ.ಬಿ.ಬಿ.ಎಸ್. ಮಕ್ಕಳಲ್ಲಿ ನೂರಕ್ಕೆ 27.8 ಮಂದಿ ತಮಗೆ ಮಾನಸಿಕ ತೊಂದರೆ ಇದೆ ಎಂದರು. ಜೀವವೇ ಬೇಡ ಎನ್ನುವ ಯೋಚನೆ ಬಂದಿತ್ತು ಎಂದವರು ಎಂ.ಬಿ.ಬಿ.ಎಸ್.ನಲ್ಲಿ ನೂರಕ್ಕೆ 16, ಪಿ.ಜಿ.ಗಳಲ್ಲಿ ನೂರಕ್ಕೆ 31. ತಾವಾಗಿ ಉತ್ತರ ಕೊಡಲು ಮುಂದೆ ಬಂದವರ ಲೆಕ್ಕ ಇದು, ಎಲ್ಲರಿಗೂ ಹಾಗೇ ಅನ್ವಯಿಸುವಂತಿಲ್ಲ. ಆದರೂ ಅರ್ಧಕ್ಕರ್ಧ ಕಳೆದರೂ ಎದೆ ಝಲ್ಲೆನ್ನುತ್ತದೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರಿಗೇ ಫಸ್ಟ್ ಬಂದ ಹುಡುಗ ಇಲ್ಲಿಗೆ ಬಂದರೆ ತರಗತಿಯಲ್ಲಿ ಎಲ್ಲರೂ ಊರಿಗೆ ಫಸ್ಟ್ ಬಂದವರೇ. ಮೊದಲ ಇಂಟರ್ನಲ್ಸಿನಲ್ಲೇ ಫೇಲು. ರಾಯಚೂರು, ಕೊಪ್ಪಳದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಅನಾಟಮಿ ಪುಸ್ತಕಕ್ಕಿಂತ ಅದರ ಇಂಗ್ಲಿಷೇ ಭಾರ. ಖಾಸಗಿ ಸೀಟಾದರೆ ತಲೆಯ ಮೇಲೆ ಸಾಲ. ನಮ್ಮ ಮಗ ಡಾಕ್ಟರು ಅಂತ ಅಪ್ಪ ಊರೆಲ್ಲಾ ಹೇಳಿಕೊಂಡು ಬಂದಿರುತ್ತಾನೆ. ಕೈಲಾಗುತ್ತಿಲ್ಲ ಅಂತ ಯಾರ ಮುಂದೆ ಹೇಳುವುದು? ಸೀನಿಯರ್ ಮುಂದೆ ಹೇಳಿದರೆ “ನಾವೂ ಹಿಂಗೇ ಬಂದ್ವಿ, ಹೋಗಯ್ಯ” ಎಂಬ ಉತ್ತರ. ಸೈಕಿಯಾಟ್ರಿ ವಿಭಾಗಕ್ಕೆ ಹೋಗೋಣವೆಂದರೆ ಅಲ್ಲಿ ಕೂತಿರುವವರು ನಾಳೆ ಪಾಠ ಮಾಡುವ, ಪರೀಕ್ಷೆಯಲ್ಲಿ ಅಂಕ ಹಾಕುವ ಮೇಷ್ಟ್ರೇ! 1974ರಿಂದ ನಿಮ್ಹಾನ್ಸ್ ಇರುವ ಊರು ನಮ್ಮದು. ಆದರೂ ಶಿವಾಜಿನಗರದಿಂದ ಹೊಸೂರು ರಸ್ತೆಗೆ ಹೋಗುವ ದಾರಿ ಮೆಡಿಕಲ್ ಹುಡುಗನಿಗೆ ದಿಲ್ಲಿಯಷ್ಟು ದೂರ.

ಹಿರಿಯರ ವಾದ

ಹಿರಿಯ ಡಾಕ್ಟರುಗಳ ವಾದಕ್ಕೂ ಕಿವಿಗೊಡೋಣ. ರೋಗಿಯ ಪಕ್ಕದಲ್ಲಿ ನಿಲ್ಲದೆ ಯಾರೂ ಡಾಕ್ಟರಾಗುವುದಿಲ್ಲ, ಗಂಟೆ ನೋಡಿ ರೋಗ ಬರುವುದಿಲ್ಲ ಎನ್ನುತ್ತಾರೆ. ಸರಿಯೇ. ಆದರೆ ಆ 36 ಗಂಟೆಯಲ್ಲಿ ಕಲಿಕೆ ಎಷ್ಟು, ಕೂಲಿ ಎಷ್ಟು? ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ಟ್ರಾಲಿ ತಳ್ಳುವುದು, ರಿಪೋರ್ಟಿಗೆ ಕಾಯುವುದು, ಫಾರಂ ತುಂಬುವುದು ಇವೆಲ್ಲಾ ಎಂ.ಡಿ. ಪಾಠವೇ? ವಾರ್ಡ್ ಬಾಯ್, ಗುಮಾಸ್ತ, ನರ್ಸು, ಟೆಕ್ನಿಷಿಯನ್ ಹುದ್ದೆ ಖಾಲಿ ಇಟ್ಟರೆ ಆ ಕೆಲಸ ವಿದ್ಯಾರ್ಥಿಯ ತಲೆಗೇ ಬೀಳುತ್ತದೆ. ಡ್ಯೂಟಿ ಗಂಟೆ ಇಳಿಸಬೇಕಾದರೆ ಆ ಹುದ್ದೆಗಳನ್ನು ತುಂಬಲೇಬೇಕು, ಸರ್ಕಾರ ದುಡ್ಡು ಬಿಚ್ಚಲೇಬೇಕು.

ಆಗಬೇಕಾದ್ದು ಏನು?

ಒಂದು, ಯಾರು ಎಷ್ಟು ಹೊತ್ತಿನಿಂದ ಡ್ಯೂಟಿಯಲ್ಲಿದ್ದಾರೆ ಎಂಬ ಪಟ್ಟಿಯನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಗಳಿಗೂ ಕಾಣುವಂತೆ ಹಾಕಬೇಕು. ಎರಡು, ರಾತ್ರಿ ಪೂರಾ ಅನ್ನ, ಸಾರು, ಮೊಟ್ಟೆ ಸಿಗುವ ಕ್ಯಾಂಟೀನು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ, ಚಿಲಕ ಭದ್ರವಾಗಿರುವ ವಿಶ್ರಾಂತಿ ಕೊಠಡಿ ಬೇಕು. ಮೂರು, ಕಾಲೇಜಿನ ಆಡಳಿತಕ್ಕೆ ವರದಿ ಒಪ್ಪಿಸದ, ಅಂಕಕ್ಕೂ ಹಾಜರಿಗೂ ಸಂಬಂಧವಿಲ್ಲದ ಆಪ್ತ ಸಲಹೆಗಾರರು ಬೇಕು. ಈ ಮೂರಕ್ಕೂ ದಿಲ್ಲಿಯ ಅಪ್ಪಣೆ ಬೇಕಿಲ್ಲ.

ಅಲ್ಲಿಯವರೆಗೆ, ಇದನ್ನು ಓದುತ್ತಿರುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಒಂದು ಮಾತು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ಭಾರವಾದಾಗ ಫೋನ್ ಹಚ್ಚಿ. ಕಾಲು ಮುರಿದರೆ ಪಟ್ಟಿ ಕಟ್ಟಿಸಿಕೊಳ್ಳಲು ನಾಚದವರು ಇದಕ್ಕೇಕೆ ನಾಚಬೇಕು?

ರೋಗಿಗಳ ಕಡೆಯವರೂ ಕೇಳಿಸಿಕೊಳ್ಳಿ. ಚಿಕಿತ್ಸೆ ತಡವಾಯಿತೆಂದು ಕೈಗೆ ಸಿಕ್ಕ ಹೌಸ್ ಸರ್ಜನ್ನಿನ ಕಾಲರ್ ಹಿಡಿಯುವುದು 2009ರ ರಾಜ್ಯ ಕಾನೂನಿನಂತೆ ಜೈಲಿಗೆ ಹೋಗುವ ಅಪರಾಧ. ಕಾಲರ್ ಬಿಡಿ, “ಡಾಕ್ಟರೇ, ಊಟ ಆಯ್ತಾ?” ಎಂದು ಕೇಳಿ. ಆಗಿಲ್ಲ ಎಂದರೆ ಆ ಕೋಪವನ್ನು ಮೇಲಿನವರ ಹತ್ತಿರ ಅರ್ಜಿ ಬರೆದು ತೋರಿಸಿ. ವೈದ್ಯಕೀಯ ಶಿಕ್ಷಣ ಸಚಿವರು, ಆಸ್ಪತ್ರೆ ಅಧೀಕ್ಷಕರು ಮತ್ತು ಈ ಭಾಗದ ಶಾಸಕರು ಒಂದು ರಾತ್ರಿ ಎರಡು ಗಂಟೆಗೆ ಮೊದಲೇ ಹೇಳದೆ ಬಂದು ತುರ್ತು ವಿಭಾಗದಲ್ಲಿ ಕೂತು ನೋಡಲಿ. ಡ್ಯೂಟಿ ಪಟ್ಟಿಯನ್ನು ಗೋಡೆಗೆ ಅಂಟಿಸಲು ಅವರಿಗೆ ಇನ್ನೊಂದು ಸಮಿತಿ ಬೇಕಾಗದು.