ಪಿಕ್ ಹಿಡಿದ ಕೈಗೂ ಮನ್ನಣೆ ಇರಲಿ

ನಮ್ಮ ಸಮುದಾಯದ ಮನೆಗಳಲ್ಲಿ ಗಿಟಾರ್ ಅಪರೂಪದ ವಸ್ತುವೇನಲ್ಲ. ರೋಸ್ ಸಮಾರಂಭವಿರಲಿ, ಮದುವೆಯ ಔತಣವಿರಲಿ, ಇಗರ್ಜಿಯ ಗಾಯನ ಮಂಡಳಿಯಿರಲಿ, ಅದರ ನಾದ ನಮಗೆ ಚಿರಪರಿಚಿತ. ಆದರೆ ಹಾಡಿಗೆ ತಳಹದಿಯನ್ನೊದಗಿಸುವ ಬಾಸ್ ಗಿಟಾರನ್ನು ಕಲಿಯಲು ತಾವಾಗಿಯೇ ಮುಂದೆ ಬರುವ ಯುವಜನರು ವಿರಳ. ಈ ಕೊರತೆಯನ್ನು ನೀಗಲು ಬಹುಮಟ್ಟಿಗೆ ಗಿಟಾರ್ ಬಲ್ಲ ಯುವಕನನ್ನೋ ಯುವತಿಯನ್ನೋ ಕರೆಯುವುದು ವಾಡಿಕೆ. ಅವರು ತಮಗೆ ರೂಢಿಯಾದಂತೆ ಪಿಕ್ ಹಿಡಿದು ತಂತಿಯನ್ನು ಮೀಟಿದರೆ, “ಬಾಸನ್ನು ಬೆರಳಿನಿಂದಲೇ ನುಡಿಸಬೇಕು, ಪಿಕ್ ಎಂದರೆ ಅರೆಕಲಿಕೆ” ಎಂಬ ಮಾತು ಕೇಳಿಬರುವುದುಂಟು. ಆರಂಭದಲ್ಲೇ ಹೀಗೆ ಹೀಗಳೆಯುವುದರಿಂದ ಕಲಿಯುವ ಉತ್ಸಾಹವೇ ಮುದುಡಿಹೋಗುವುದು ವಿಷಾದನೀಯ.

ಈ ಅಭಿಪ್ರಾಯಕ್ಕೆ ಇತಿಹಾಸದ ಆಧಾರವಿಲ್ಲ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬಾಸ್ ಎರಡು ಮನೆತನಗಳ ಕೂಸು. ಅದರ ನಾಲ್ಕು ತಂತಿಗಳ ಶ್ರುತಿ ನಿಲುವು ಬಾಸ್ ವಾದ್ಯದಿಂದ ಬಂದುದು. ಆಕಾರವೂ ಮೆಟ್ಟಿಲುಗಳೂ ಗಿಟಾರಿನವು. ನಿಲುವು ಬಾಸ್ ನುಡಿಸುತ್ತಿದ್ದವರು ತಮ್ಮ ಬೆರಳುಗಳನ್ನು ತಂದರು, ಗಿಟಾರ್ ವಾದಕರು ತಮ್ಮ ಪಿಕ್ ತಂದರು. ಎರಡೂ ಕ್ರಮಗಳು ಸಮಾನ ಹಕ್ಕುಳ್ಳವು.

ಕ್ಯಾರಲ್ ಕೇ ಎಂಬ ಮಹಿಳೆಯ ಬದುಕು ಇದಕ್ಕೆ ಉತ್ತಮ ನಿದರ್ಶನ. ಬಡತನದಲ್ಲಿ ಬೆಳೆದ ಆಕೆ ಹದಿಹರೆಯದಲ್ಲೇ ಗಿಟಾರ್ ಪಾಠ ಹೇಳಿ ಸಂಪಾದಿಸತೊಡಗಿದರು. 1963ರಲ್ಲಿ ಲಾಸ್ ಏಂಜಲೀಸಿನ ಧ್ವನಿಮುದ್ರಣವೊಂದಕ್ಕೆ ಬಾಸ್ ವಾದಕರು ಬಾರದಿದ್ದಾಗ ಆಕೆಯ ಕೈಗೆ ಬಾಸ್ ಬಂದಿತು. ಪಿಕ್ ಹಿಡಿದೇ ಆಕೆ ಆ ನಗರದ ಅತ್ಯಂತ ಬೇಡಿಕೆಯ ಬಾಸ್ ವಾದಕರಲ್ಲೊಬ್ಬರಾದರು. 1969ರಲ್ಲಿ ಬಾಸ್ ಕಲಿಕೆಯ ಪಠ್ಯವನ್ನೂ ಪ್ರಕಟಿಸಿದರು. ನಮ್ಮಲ್ಲಿಯೂ ಸರೋದ್ ವಾದಕರು ತೆಂಗಿನ ಚಿಪ್ಪಿನ ‘ಜವಾ’ದಿಂದಲೇ ತಂತಿ ಮೀಟುತ್ತಾರೆ. ಪಂಡಿತ್ ರಾಜೀವ ತಾರಾನಾಥರ ಸರೋದನ್ನು ಆಲಿಸಿದ ಯಾರೂ ಬೆರಳೇಕಿಲ್ಲವೆಂದು ಆಕ್ಷೇಪಿಸಲಿಲ್ಲ.

ಹಾಗೆಂದು ಪಿಕ್ ಸುಲಭದ ಹಾದಿಯಲ್ಲ. ತೀರ ತೆಳುವಾದ ಪಿಕ್ ಬಾಸಿನ ದಪ್ಪ ತಂತಿಯ ಮುಂದೆ ಬಾಗುವುದರಿಂದ, ಸುಮಾರು ಒಂದು ಮಿಲಿಮೀಟರ್ ದಪ್ಪದ್ದು ಕಲಿಯುವವರಿಗೆ ಅನುಕೂಲ. ಅದನ್ನು ತೋರುಬೆರಳಿನ ಪಕ್ಕದಲ್ಲಿರಿಸಿ, ತುದಿ ಮಾತ್ರ ಹೊರಚಾಚುವಂತೆ ಹೆಬ್ಬೆರಳಿನಿಂದ ಹಗುರವಾಗಿ ಒತ್ತಬೇಕು. ಚಲನೆ ಮಣಿಕಟ್ಟಿನಿಂದ ಬರಬೇಕೇ ಹೊರತು ಇಡೀ ತೋಳಿನಿಂದಲ್ಲ. ನಿಮಿಷಕ್ಕೆ 60 ಎಣಿಕೆಗಳ ನಿಧಾನ ಲಯದಲ್ಲಿ, ಎಣಿಕೆಯ ಮೇಲೆ ಕೆಳಮುಖವಾಗಿಯೂ ಎರಡು ಎಣಿಕೆಗಳ ನಡುವೆ ಮೇಲ್ಮುಖವಾಗಿಯೂ ಮೀಟುತ್ತ, ಎರಡರ ನಾದವೂ ಒಂದೇ ತೂಕದ್ದಾಗುವವರೆಗೆ ಅಭ್ಯಾಸ ಸಾಗಬೇಕು. ‘ಹಾಡುತ್ತ ಹಾಡುತ್ತ ರಾಗ’ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಇದಕ್ಕಿಂತ ಕಠಿಣವಾದುದು ನಾದವನ್ನು ನಿಲ್ಲಿಸುವ ವಿದ್ಯೆ. ಬಾಸಿನ ತಂತಿ ಒಮ್ಮೆ ಮಿಡಿದರೆ ಬಹಳ ಹೊತ್ತು ಗುಂಯ್ಗುಡುತ್ತದೆ. ನುಡಿಸದ ತಂತಿಗಳೂ ದನಿಗೂಡಿಸುತ್ತವೆ. ಎತ್ತರದ ಮಾಡು, ಬರಿಯ ಗೋಡೆಗಳ ಇಗರ್ಜಿಯಲ್ಲಿ ಈ ಗುಂಯ್ಗಾರ ಪ್ರತಿಧ್ವನಿಯೊಡನೆ ಕಲೆತು ಹಾಡಿನ ಪದಗಳನ್ನೇ ನುಂಗಿಬಿಡುತ್ತದೆ. ಬಲ ಅಂಗೈಯ ಅಂಚನ್ನು ತಂತಿಗಳ ಬುಡದಲ್ಲಿ ಹಗುರವಾಗಿರಿಸಿ ಪಿಕ್‌ನಿಂದ ಮೀಟಿದರೆ, ಸ್ವರ ಸ್ಪಷ್ಟವಾಗಿ ಹುಟ್ಟಿ ತಕ್ಕ ಕಾಲಕ್ಕೆ ಅಡಗುತ್ತದೆ. ಕ್ಯಾರಲ್ ಕೇ ಇದೇ ಉದ್ದೇಶಕ್ಕೆ ತಂತಿಗಳ ಮೇಲೆ ಉಣ್ಣೆಯ ದಪ್ಪ ಬಟ್ಟೆಯ ತುಂಡನ್ನಿರಿಸುತ್ತಿದ್ದರು.

ಎರಡನೇ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್‌ಗೆ ಹಿರಿಯ ಸ್ಥಾನವನ್ನಿತ್ತು, ಇತರ ವಾದ್ಯಗಳೂ ಪವಿತ್ರ ಬಳಕೆಗೆ ತಕ್ಕವಾಗಿದ್ದು, ದೇವಾಲಯದ ಘನತೆಗೆ ಒಪ್ಪಿ, ಭಕ್ತರ ಆತ್ಮೋನ್ನತಿಗೆ ನೆರವಾಗುವುದಾದರೆ ಅಧಿಕಾರಿಗಳ ಸಮ್ಮತಿಯಿಂದ ಬಳಸಬಹುದೆಂದಿತು. ನಾವು ಕೇಳಬೇಕಾದುದೂ ಇದನ್ನೇ: ಕೈಯಲ್ಲಿ ಪಿಕ್ ಇದೆಯೇ ಎಂದಲ್ಲ, ನಾದ ಹಾಡುವವರಿಗೆ ಆಸರೆಯಾಗುತ್ತಿದೆಯೇ ಎಂದು.

ಬೆರಳಿನ ಕ್ರಮವನ್ನೂ ಮುಂದೆ ಕಲಿಯುವುದು ಅಪೇಕ್ಷಣೀಯ. ಅದರ ಮೃದುವಾದ, ದುಂಡನೆಯ ನಾದವನ್ನು ಬಯಸುವ ಹಾಡುಗಳು ಬಹಳಷ್ಟಿವೆ. ಆದರೆ ಬಾಸ್ ವಾದಕನಿಗೆ ಚಪ್ಪಾಳೆ ದೊರೆಯುವುದೇ ಕಡಿಮೆ. ಅವನು ತಪ್ಪಿದಾಗ ಮಾತ್ರ ಎಲ್ಲರ ಕಣ್ಣು ಅತ್ತ ಹೊರಳುತ್ತದೆ. ಇಂತಹ ಸೇವೆಯನ್ನು ಸ್ವಇಚ್ಛೆಯಿಂದ ಆರಿಸಿಕೊಳ್ಳುವ ಮಗನಿಗೋ ಮಗಳಿಗೋ ತಂದೆತಾಯಂದಿರು ದಿನಕ್ಕೆ ಅರ್ಧ ಗಂಟೆಯ ಅಭ್ಯಾಸಕ್ಕೆ ಅವಕಾಶ ಕಲ್ಪಿಸಲಿ. ಗಾಯನ ಮಂಡಳಿಯ ನಿರ್ದೇಶಕರು ಕೈಯ ಉಪಕರಣವನ್ನು ಟೀಕಿಸುವ ಮುನ್ನ ಕಣ್ಣು ಮುಚ್ಚಿ ಒಂದು ಗೀತೆಯನ್ನು ಪೂರ್ತಿಯಾಗಿ ಆಲಿಸಲಿ.