ನಡುವೆ ಬಾಯಿ ಹಾಕುವ ಎದುರಾಳಿ

ಕಳೆದ ವಾರ ಈ ಅಂಕಣದಲ್ಲಿ ಬ್ರಿಡ್ಜ್ ಆಟದ ಆರಂಭದ ಸವಾಲನ್ನೂ ಅದಕ್ಕೆ ಜೊತೆಗಾರನು ಕೊಡಬೇಕಾದ ಉತ್ತರವನ್ನೂ ವಿವರಿಸಿದ್ದೆ. ಅಲ್ಲಿ ಎದುರಾಳಿಗಳಿಬ್ಬರೂ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಆದರೆ ನಿಜವಾದ ಆಟದಲ್ಲಿ ಎದುರಾಳಿಗಳು ಅಷ್ಟು ಸಾಧುಗಳಲ್ಲ. ಜೊತೆಗಾರನು ಸವಾಲು ಹೇಳಿ ಮುಗಿಸುವಷ್ಟರಲ್ಲಿ, ನಿಮ್ಮ ಸರದಿ ಬರುವ ಮೊದಲೇ, ನಿಮ್ಮ ಬಲಗಡೆಯವನು ತನ್ನದೊಂದು ಸವಾಲನ್ನು ನಡುವೆ ತೂರಿಸುತ್ತಾನೆ. ಅವಿನಾಶಿಯ ಹತ್ತಿ ಹರಾಜನ್ನು ಕಂಡವರಿಗೆ ಇದು ಹೊಸದೇನಲ್ಲ. ಹರಾಜೆಂದ ಮೇಲೆ ಎರಡನೆಯವನು ಕೂಗಿಯೇ ಕೂಗುತ್ತಾನೆ. ಆಗ ನೀವೇನು ಹೇಳಬೇಕು ಎಂಬುದೇ ಈ ವಾರದ ವಿಷಯ.

ಹೊಸದಾಗಿ ಓದುತ್ತಿರುವವರಿಗಾಗಿ ಹಿಂದಿನ ಪಾಠವನ್ನು ನಾಲ್ಕು ಮಾತುಗಳಲ್ಲಿ ಹೇಳಿಬಿಡುತ್ತೇನೆ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಅಂಕ. ಇಡೀ ಕಟ್ಟಿನಲ್ಲಿ 40 ಅಂಕಗಳು. ಸುಮಾರು 12 ಅಂಕಗಳಿದ್ದವನು ಸವಾಲನ್ನು ಆರಂಭಿಸುತ್ತಾನೆ. ಆಟೀನು ಅಥವಾ ಇಸ್ಪೀಟಿನಲ್ಲಿ ಆರಂಭಿಸಿದರೆ ಆ ರಂಗಿನಲ್ಲಿ ಅವನಿಗೆ 5 ಎಲೆಗಳಾದರೂ ಇವೆ ಎಂದು ತಿಳಿಯಬೇಕು. ಸವಾಲಿನಲ್ಲಿ ಕಳಾವರು ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಡೈಮನ್ನು, ಆಟೀನು, ಇಸ್ಪೀಟು. ಎಲ್ಲಕ್ಕಿಂತ ಮೇಲೆ ತುರುಪಿಲ್ಲದ ಆಟ, ಅಂದರೆ ನೋ ಟ್ರಂಪ್. ಒಮ್ಮೆ ಹೇಳಿದ ಸವಾಲಿಗಿಂತ ಕೆಳಗಿನದನ್ನು ಯಾರೂ ಹೇಳುವಂತಿಲ್ಲ.

ಬ್ರಿಡ್ಜ್ ಆಟಗಾರನ ನಿಘಂಟು ಬಹಳ ಚಿಕ್ಕದು. 7 ಮಟ್ಟಗಳು, 5 ಬಗೆಗಳು, ಹೀಗೆ 35 ಸವಾಲುಗಳು. ಜೊತೆಗೆ ಪಾಸ್, ಡಬಲ್, ರೀಡಬಲ್. ಒಟ್ಟು 38 ಪದಗಳು. ಇಷ್ಟರಲ್ಲಿಯೇ ತನ್ನ ಕೈಯ 13 ಎಲೆಗಳ ವೃತ್ತಾಂತವನ್ನು ಎದುರು ಕುಳಿತ ಜೊತೆಗಾರನಿಗೆ ತಿಳಿಸಬೇಕು. ಎದುರಾಳಿ ನಡುವೆ ಬಾಯಿ ಹಾಕಿದಾಗ ಈ ಚಿಕ್ಕ ನಿಘಂಟಿನ ಕೆಲವು ಪದಗಳನ್ನು ಕಸಿದುಕೊಳ್ಳುತ್ತಾನೆ. ಆದರೆ ಅವನಿಗೇ ಅರಿವಿಲ್ಲದಂತೆ ಕೆಲವು ಹೊಸ ಪದಗಳನ್ನು ನಿಮ್ಮ ಕೈಗಿತ್ತು ಹೋಗುತ್ತಾನೆ. ಕಳೆದುಕೊಂಡದ್ದಕ್ಕೆ ಮರುಗದೆ ಬಂದದ್ದನ್ನು ಬಳಸಿಕೊಳ್ಳುವುದೇ ಇಲ್ಲಿನ ಜಾಣತನ.

ಒಂದು ಕೈಯನ್ನು ನೋಡೋಣ. ಜೊತೆಗಾರನು ಒಂದು ಡೈಮನ್ನು ಎಂದು ಆರಂಭಿಸಿದ್ದಾನೆ. ಎದುರಾಳಿ ಒಂದು ಇಸ್ಪೀಟು ಎಂದಿದ್ದಾನೆ. ನಿಮ್ಮ ಎಲೆಗಳು ಇವು:

ಇಸ್ಪೀಟು: 7, 4
ಆಟೀನು: ರಾಜ, ಗುಲಾಮ, 6, 2
ಡೈಮನ್ನು: ರಾಣಿ, 5, 3
ಕಳಾವರು: ರಾಜ, 9, 8, 4

ಒಟ್ಟು 9 ಅಂಕಗಳು. ಎದುರಾಳಿ ಸುಮ್ಮನಿದ್ದಿದ್ದರೆ ನೀವು ಸಲೀಸಾಗಿ ಒಂದು ಆಟೀನು ಎನ್ನುತ್ತಿದ್ದಿರಿ. ಈಗ ಆ ಮೆಟ್ಟಿಲು ಇಲ್ಲ. ಎರಡು ಆಟೀನು ಎನ್ನಲು ಆ ರಂಗಿನಲ್ಲಿ 5 ಎಲೆಗಳೂ ಸುಮಾರು 10 ಅಂಕಗಳೂ ಬೇಕು. ನಿಮ್ಮಲ್ಲಿ ಎರಡೂ ಇಲ್ಲ. ಒಂದು ನೋ ಟ್ರಂಪ್ ಎನ್ನಲು ಎದುರಾಳಿಯ ಇಸ್ಪೀಟನ್ನು ತಡೆಯುವ ಎಲೆಯೊಂದು ಬೇಕು. 7 ಮತ್ತು 4 ಯಾರನ್ನೂ ತಡೆಯಲಾರವು. ಪಾಸ್ ಎಂದು ಸುಮ್ಮನಾದರೆ ನಾಲ್ಕು ಆಟೀನುಗಳ ಸುದ್ದಿ ಜೊತೆಗಾರನಿಗೆ ತಲುಪದೆಯೇ ಹೋದೀತು.

ಈ ತೊಡಕಿಗೆ ಅಮೆರಿಕದ ಆಲ್ವಿನ್ ರಾತ್ ಎಂಬ ಆಟಗಾರನು 1957ರಲ್ಲಿ ಪರಿಹಾರ ಕಂಡುಕೊಂಡನು. ಅದುವರೆಗೆ ಇಂಥ ಕಡೆ ಡಬಲ್ ಎಂದರೆ 'ನಿನ್ನ ಸವಾಲು ಈಡೇರದು, ದಂಡ ತೆರು' ಎಂಬ ಅರ್ಥವಿತ್ತು. ಕೆಳಮಟ್ಟದ ಸವಾಲಿಗೆ ದಂಡ ಹಾಕುವಂಥ ಎಲೆಗಳು ಬರುವುದು ಅಪರೂಪ. ಮೇಲೆ ಹೇಳಿದಂಥ ಕೈ ದಿನಕ್ಕೆ ಹತ್ತು ಸಲ ಬರುತ್ತದೆ. ಆದ್ದರಿಂದ ರಾತ್ ಆ ಪದದ ಅರ್ಥವನ್ನೇ ಬದಲಿಸಿದನು. ಇಲ್ಲಿ ಡಬಲ್ ಎಂದರೆ 'ಹೇಳದೆ ಉಳಿದ ರಂಗುಗಳಲ್ಲಿ, ಮುಖ್ಯವಾಗಿ ಆಟೀನಿನಲ್ಲಿ, ನನಗೆ ನಾಲ್ಕು ಎಲೆಗಳಿವೆ. 6 ಅಂಕಗಳಾದರೂ ಇವೆ. ನೀನೇ ಆರಿಸು' ಎಂದರ್ಥ. ಅದೇ ವರ್ಷ ರಷ್ಯದ ಕೃತಕ ಉಪಗ್ರಹ ಸ್ಪುಟ್ನಿಕ್ ಆಕಾಶಕ್ಕೇರಿದ್ದರಿಂದ ಈ ಡಬಲ್ಲಿಗೂ ಸ್ಪುಟ್ನಿಕ್ ಎಂಬ ಹೆಸರು ಬಿತ್ತು. ಇಂದು ಅದನ್ನು ನೆಗೆಟಿವ್ ಡಬಲ್ ಎನ್ನುತ್ತಾರೆ. ಮೇಲಿನ ಕೈಗೆ ಉತ್ತರ ಅದೇ.

ಎರಡನೆಯ ಸಂದರ್ಭ ಇನ್ನೂ ಸುಲಭ. ಜೊತೆಗಾರನು ಒಂದು ಆಟೀನು ಎಂದಿದ್ದಾನೆ, ಎದುರಾಳಿ ಒಂದು ಇಸ್ಪೀಟು ಎಂದಿದ್ದಾನೆ, ನಿಮ್ಮಲ್ಲಿ ಆಟೀನಿನ ಬೆಂಬಲವಿದೆ. ಆಗ ಬೇರೇನನ್ನೂ ಯೋಚಿಸದೆ ಬೆಂಬಲವನ್ನು ತಕ್ಷಣ ಹೇಳಬೇಕು. 'ಮುಂದಿನ ಸುತ್ತಿನಲ್ಲಿ ಹೇಳೋಣ' ಎಂದರೆ ಅಷ್ಟರಲ್ಲಿ ಎದುರಾಳಿಗಳು ಇಸ್ಪೀಟನ್ನು ಮೂರಕ್ಕೋ ನಾಲ್ಕಕ್ಕೋ ಏರಿಸಿರುತ್ತಾರೆ. ಹೇಳುವ ಬಗೆ ಮೂರು. ಆಟೀನು ಮೂರೆಲೆ, ಅಂಕ 6ರಿಂದ 9 ಇದ್ದರೆ ಎರಡು ಆಟೀನು. ಆಟೀನು ನಾಲ್ಕೆಲೆ ಇದ್ದು ಅಂಕ ಕಡಿಮೆಯಾಗಿದ್ದರೆ ನೇರವಾಗಿ ಮೂರು ಆಟೀನು. ಇದು ಶಕ್ತಿಪ್ರದರ್ಶನವಲ್ಲ, ಎದುರಾಳಿಗಳ ದಾರಿಗೆ ಅಡ್ಡಲಾಗಿ ಇಟ್ಟ ಕಲ್ಲು. ಬೆಂಬಲದ ಜೊತೆಗೆ 10 ಅಥವಾ ಹೆಚ್ಚು ಅಂಕಗಳಿದ್ದರೆ ಎದುರಾಳಿಯ ರಂಗನ್ನೇ ಹಿಡಿದು ಎರಡು ಇಸ್ಪೀಟು ಎನ್ನಬೇಕು. 'ನಿಮಗೆ ಇಸ್ಪೀಟು ಯಾಕೆ?' ಎಂದು ಮಕ್ಕಳು ಕೇಳುತ್ತಾರೆ. ಬೇಕಾಗಿಲ್ಲ, ಅದಕ್ಕಾಗಿಯೇ ಆ ಸವಾಲು ಬಿಡುವಾಗಿದೆ. ಎದುರಾಳಿ ಕೊಟ್ಟುಹೋದ ಹೊಸ ಪದಗಳಲ್ಲಿ ಇದೊಂದು.

ನಾಲ್ಕೆಲೆಗೆ ಮೂರು ಎಂದು ಹಾರುವುದರ ಹಿಂದೆ ಒಂದು ಲೆಕ್ಕವಿದೆ. ಫ್ರಾನ್ಸಿನ ಜಾನ್-ರೆನೆ ವೆರ್ನ್ 1969ರಲ್ಲಿ ಅದನ್ನು ಬರೆದು ತೋರಿಸಿದನು. ಅದರಿಂದ ಹುಟ್ಟಿದ ಸರಳ ಸೂತ್ರವೆಂದರೆ, ಜೊತೆಗಾರರಿಬ್ಬರಲ್ಲಿ ಸೇರಿ ಎಷ್ಟು ತುರುಪುಗಳಿವೆಯೋ ಅಷ್ಟು ಟ್ರಿಕ್‌ಗಳವರೆಗೆ ಏರಬಹುದು. ಅವನ ಐದು, ನಿಮ್ಮ ನಾಲ್ಕು, ಒಟ್ಟು ಒಂಬತ್ತು. ಮೂರರ ಸವಾಲು ಎಂದರೆ ಒಂಬತ್ತು ಟ್ರಿಕ್‌ಗಳೇ.

ಮೂರನೆಯದು ಪಾಸ್. ಎದುರಾಳಿ ಸುಮ್ಮನಿದ್ದಾಗ 6 ಅಂಕಗಳಿದ್ದರೆ ಏನಾದರೂ ಹೇಳಲೇಬೇಕಿತ್ತು. ಇಲ್ಲವಾದರೆ ಸವಾಲು ಅಲ್ಲಿಗೇ ನಿಂತುಹೋಗುವ ಭಯ. ಎದುರಾಳಿ ಮಾತನಾಡಿದ ಮೇಲೆ ಆ ಭಯವಿಲ್ಲ. ಜೊತೆಗಾರನಿಗೆ ಇನ್ನೊಂದು ಸರದಿ ಬಂದೇ ಬರುತ್ತದೆ. ಹೇಳಲು ತಕ್ಕ ಮಾತಿಲ್ಲದಾಗ ಸುಮ್ಮನಿರುವುದು ಸೋಲಲ್ಲ. ಮಾತನಾಡಿದರೆ ಅದಕ್ಕೆ ತೂಕವಿರಬೇಕು.

ಇನ್ನು ನನ್ನದೇ ಒಂದು ತಪ್ಪಿನ ಕಥೆ. ಆಟ ಕಲಿತ ಹೊಸತರಲ್ಲಿ ಹಿರಿಯ ವಕೀಲರೊಬ್ಬರ ಜೊತೆಗಾರನಾಗಿ ಕುಳಿತಿದ್ದೆ. ಅವರು ಒಂದು ಆಟೀನು ಎಂದರು. ಎದುರಾಳಿ ಎರಡು ಕಳಾವರು ಎಂದನು. ನನ್ನ ಕೈಯಲ್ಲಿ ಕಳಾವರಿನ ರಾಜ, ಗುಲಾಮ, 10, 7, 3. ಡೈಮನ್ನಿನ ಎಕ್ಕ, ಗುಲಾಮ, 8, 4. ಇಸ್ಪೀಟು, ಆಟೀನುಗಳಲ್ಲಿ ಎರಡೆರಡು ಸಣ್ಣ ಎಲೆಗಳು. ಬೇಟೆ ತಾನಾಗಿಯೇ ಬಲೆಗೆ ಬಿದ್ದಿತೆಂದು ಹಿಗ್ಗಿ ಡಬಲ್ ಎಂದೆ. ನನ್ನ ಮನಸ್ಸಿನಲ್ಲಿದ್ದುದು ದಂಡ. ಅವರು ಕೇಳಿಸಿಕೊಂಡದ್ದು 'ನನಗೆ ನಾಲ್ಕು ಇಸ್ಪೀಟುಗಳಿವೆ' ಎಂದು. ಅವರಲ್ಲೂ ನಾಲ್ಕು ಇಸ್ಪೀಟುಗಳಿದ್ದವು; ಎರಡು ಇಸ್ಪೀಟು ಎಂದರು. ಎಲ್ಲರೂ ಪಾಸ್. ಇಬ್ಬರಲ್ಲೂ ಸೇರಿ ಆರೇ ತುರುಪುಗಳು. ಮೂರು ಟ್ರಿಕ್‌ಗಳು ಕಡಿಮೆ ಬಿದ್ದು 150 ಅಂಕಗಳು ಎದುರಾಳಿಗಳ ಪಾಲಾದವು.

ಆಟ ಮುಗಿದ ಮೇಲೆ ಅವರು ಕೋಪಿಸಿಕೊಳ್ಳಲಿಲ್ಲ. 'ಕರಾರು ಕಾಯ್ದೆಯ 13ನೆಯ ಕಲಮು ನೆನಪಿದೆಯೇ, ವಕೀಲರೇ?' ಎಂದಷ್ಟೇ ಕೇಳಿದರು. ನನಗೆ ನಾಚಿಕೆಯಾಯಿತು. 1872ರ ಭಾರತೀಯ ಕರಾರು ಕಾಯ್ದೆಯ ಆ ಕಲಮನ್ನು ಕಾನೂನು ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಅದು ಸಮ್ಮತಿ. ಪದ ಒಂದೇ ಇದ್ದರೆ ಸಾಲದು, ಅರ್ಥವೂ ಒಂದೇ ಇರಬೇಕು. ನಾವಿಬ್ಬರೂ ಆಡುವ ಮೊದಲು ಡಬಲ್ಲಿನ ಅರ್ಥವನ್ನು ಮಾತನಾಡಿಕೊಂಡೇ ಇರಲಿಲ್ಲ. ಅವರು ಪ್ರಶ್ನೆ ಕೇಳಿದ್ದು ನನಗಾದರೂ ತಪ್ಪು ಇಬ್ಬರದೂ ಆಗಿತ್ತು.

ನೆಗೆಟಿವ್ ಡಬಲ್ ಆಡುವವರು ಅಂಥ ಕೈ ಬಂದಾಗ ಮಾಡಬೇಕಾದುದು ಇಷ್ಟೆ: ನಿರ್ವಿಕಾರವಾಗಿ ಪಾಸ್ ಎನ್ನುವುದು. ಕಳಾವರು ಕಡಿಮೆಯಿರುವ ಜೊತೆಗಾರನು ತನ್ನ ಸರದಿ ಬಂದಾಗ 'ನನ್ನ ಜೊತೆಗಾರ ಯಾಕೆ ಸುಮ್ಮನಿದ್ದಾನೆ?' ಎಂದು ಯೋಚಿಸಿ ತಾನೇ ಡಬಲ್ ಎನ್ನುತ್ತಾನೆ. ಆಗ ನೀವು ಮತ್ತೆ ಪಾಸ್ ಎಂದರೆ ದಂಡ ಕಟ್ಟಿಟ್ಟದ್ದು. ಇದಕ್ಕೆ ಧೈರ್ಯ ಬೇಕು. ಜೊತೆಗಾರನು ನನ್ನ ಮೌನವನ್ನೂ ಓದುತ್ತಾನೆ ಎಂಬ ನಂಬಿಕೆ ಬೇಕು.

ನಮ್ಮ ಮನೆಗಳ ಮಕ್ಕಳಿಗೆ ಈ ಪಾಠ ಬೇಗ ಹತ್ತುತ್ತದೆ ಎಂಬುದನ್ನು ಕಂಡಿದ್ದೇನೆ. ಕನ್ನಡ ಪಠ್ಯಪುಸ್ತಕದಲ್ಲಿ 'ಜನರ ಕಲ್ಯಾಣ' ಎಂದರೆ ಜನರ ಒಳಿತು. ಬೀದಿಗಿಳಿದು ತಮಿಳಿನಲ್ಲಿ ಕಲ್ಯಾಣ ಎಂದರೆ ಮದುವೆ. ಯಾರ ಬಾಯಿಂದ ಬಂದಿತು, ಯಾವ ಹೊತ್ತಿನಲ್ಲಿ ಬಂದಿತು ಎಂದು ನೋಡಿ ಅರ್ಥವನ್ನು ಹಿಡಿಯುವ ಅಭ್ಯಾಸ ಅವರಿಗೆ ಎರಡು ಭಾಷೆಗಳ ನಡುವಿನ ಬದುಕಿನಿಂದಲೇ ಬಂದಿದೆ. ಡಬಲ್ ಎಂಬುದೂ ಅಂಥದೇ ಪದ. ಜೊತೆಗಾರನ ಆರಂಭದ ನಂತರ ಒಂದು ಅರ್ಥ, ಎದುರಾಳಿ ನಾಲ್ಕು ಇಸ್ಪೀಟಿನವರೆಗೆ ಏರಿ ನಿಂತ ಮೇಲೆ ಇನ್ನೊಂದು ಅರ್ಥ.

ಆದರೆ ಒಂದು ಎಚ್ಚರಿಕೆ. ಇದು ಗುಟ್ಟಿನ ಭಾಷೆಯಲ್ಲ. ನಮ್ಮ ದನಗಳ ಸಂತೆಗಳಲ್ಲಿ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ಪದ್ಧತಿಯಿದೆ. ನೋಡುವವರಿಗೆ ಏನೂ ತಿಳಿಯದು. ಬ್ರಿಡ್ಜಿನಲ್ಲಿ ಅದು ಸಲ್ಲದು. ನಿಮ್ಮ ಜೊತೆಗಾರನ ಸವಾಲಿನ ಅರ್ಥವೇನೆಂದು ಎದುರಾಳಿ ಕೇಳಿದರೆ ನಿಮ್ಮಿಬ್ಬರ ಒಪ್ಪಂದವನ್ನು ಮುಚ್ಚಿಡದೆ ಹೇಳಬೇಕು. ಹುಬ್ಬು ಹಾರಿಸುವುದು, ನಿಟ್ಟುಸಿರು ಬಿಡುವುದು, ದನಿ ಏರಿಸುವುದು ಇವೆಲ್ಲ ನಿಷಿದ್ಧ. ಎಲೆ ಗುಟ್ಟು, ಮಾತು ಬಯಲು.

ಇಸ್ಪೀಟು ಎಂದೊಡನೆ ಮುಖ ಸಿಂಡರಿಸುವ ಹಿರಿಯರಿಗೆ ಒಂದು ಮಾತು. 1967ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ಅವರ ನಡುವಿನ ಮೊಕದ್ದಮೆಯಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಹೇಳುವಾಗ ಹೋಲಿಕೆಗೆ ಎತ್ತಿಕೊಂಡದ್ದು ಬ್ರಿಡ್ಜನ್ನೇ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಭಾರತಕ್ಕೆ ಚಿನ್ನ ತಂದದ್ದೂ ಇದೇ ಆಟದಲ್ಲಿ. ಆಗ ಬರ್ಧನ್ ಅವರ ವಯಸ್ಸು 60. ಹಣವಿಟ್ಟು ಆಡುವುದು ಬೇರೆಯೇ ಮಾತು. ನಮ್ಮ ಮನೆಯ ಮೇಜಿನ ಮೇಲೆ ಎಲೆಗಳು, ಅಂಕ ಬರೆಯುವ ಹಾಳೆ, ಪೆನ್ಸಿಲು ಬಿಟ್ಟರೆ ಬೇರೇನೂ ಇರಬಾರದು.

ಈ ಭಾನುವಾರ ಮಕ್ಕಳೊಡನೆ ಕೂರುವ ಮೊದಲು ಜೊತೆಗಾರರಿಬ್ಬರೂ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಎದುರಾಳಿ ನಡುವೆ ಬಂದರೆ ನಮ್ಮ ಡಬಲ್ಲಿನ ಅರ್ಥವೇನು, ಎಷ್ಟನೆಯ ಮಟ್ಟದವರೆಗೆ? ದಂಡವೆಂದು ಬರೆದರೂ ಸರಿ, ನೆಗೆಟಿವ್ ಎಂದು ಬರೆದರೂ ಸರಿ. ಏನನ್ನೂ ಬರೆಯದಿರುವುದೊಂದೇ ತಪ್ಪು.

ಮುಂದಿನ ವಾರಕ್ಕೆ ಒಂದು ಪ್ರಶ್ನೆ. ಜೊತೆಗಾರನು ಒಂದು ಡೈಮನ್ನು ಎಂದನು, ಎದುರಾಳಿ ಒಂದು ಆಟೀನು ಎಂದನು. ನಿಮ್ಮಲ್ಲಿ ಇಸ್ಪೀಟಿನ ಎಕ್ಕ, 10, 8, 6. ಆಟೀನಿನ 9, 5, 3. ಡೈಮನ್ನಿನ ರಾಣಿ, 4. ಕಳಾವರಿನ ರಾಜ, 7, 6, 2. ಏನು ಹೇಳುವಿರಿ? ಒಂದು ಸಣ್ಣ ಕಳಾವರಿನ ಬದಲು ಐದನೆಯ ಇಸ್ಪೀಟು ಇದ್ದಿದ್ದರೆ ಏನು ಹೇಳುತ್ತಿದ್ದಿರಿ? ಎರಡು ಉತ್ತರಗಳು ಬೇರೆ ಬೇರೆ. ಯಾಕೆ ಬೇರೆ ಎಂಬುದನ್ನು ಮಕ್ಕಳೇ ಹೇಳಲಿ. ದೊಡ್ಡವರು ಒಂದು ಸುತ್ತು ಪಾಸ್ ಎನ್ನಲಿ.